ವೈನಿ ಮತ್ತು ಒಂದು ಗಂಟು ಸೀರೆ

"ಹಳೇ ಅರಿವಿ ತಗೊಳ್ಳಾಂವ ಈ ಕಡೆ ಬಂದಿದ್ನೇನ್ರಿ?"

ದಾಸವಾಳದ ಬೇಲಿಯಾಚೆಯಿಂದ ವೈನಿಯ ದನಿ. ಕಂಕುಳಲ್ಲಿ ದೊಡ್ಡ ಗಂಟು. ಚೌತಿಗೆ ಇನ್ನು ಹದಿನೈದೇ ದಿನ. ಹಾಲ್‌ಗೆ ಹೊಸ ಪರದೆ, ಸೋಫಾಕ್ಕೆ ಹೊಸ ಹೊದಿಕೆ, ಗಣಪ್ಪಗೆ ಥರ್ಮಾಕೋಲ್ ಮಂಟಪ, ಎಲ್ಲಾ ಯಾದಿ ಆಗಿತ್ತು. ಗಂಟಿನೊಳಗಿಂದ ಇಣುಕುತ್ತಿದ್ದದ್ದು ಅವರ ಅತ್ತೆಯ ಇಳಕಲ್ ಸೀರೆ.

ನಾನು ಹಿಂಡುತ್ತಿದ್ದ ಬಟ್ಟೆ ಬಿಟ್ಟು ಬೇಲಿಗೆ ಓಡಿದೆ. "ವೈನಿ, ಅದನ್ನ ಕೊಡಬ್ಯಾಡ್ರಿ!"

"ಹರದಾವ್ರೀ ಅವು. ಹೊಸಾವು ಬಿದಿರಿನ ಪರದೆ ತರಸ್ತೀನಿ. ಪರಿಸರಕ್ಕ ಚಲೋ ಅಂತ ಬರದಾರ."

ಬಿದಿರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮನೆಯಲ್ಲಿದ್ದದ್ದನ್ನು ಹೊರಗೆ ಹಾಕಿ, ಎಲ್ಲಿಂದಲೋ ಲಾರಿಯಲ್ಲಿ ಬಂದದ್ದನ್ನು ಒಳಗೆ ತಂದರೆ ಪರಿಸರಕ್ಕೆ ಏನು ಉಳಿಯಿತು? ಮೊದಲು ಟ್ರಂಕು ತೆಗೆಯಬೇಕು, ಅಂಗಡಿ ಆಮೇಲೆ. ಇದು ನಮ್ಮವ್ವ ಕಲಿಸಿದ್ದು.

ಅವ್ವ ಪ್ರತಿ ಬೇಸಿಗೆಗೂ ಕೌದಿ ಹಾಕುತ್ತಿದ್ದಳು. ಸವೆದ ಧೋತರ, ಮೆತ್ತಗಾದ ಸೀರೆ ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಬೆರಳಗಲಕ್ಕೂ ಕಡಿಮೆ ಅಂತರದಲ್ಲಿ ಹೊಲಿಗೆಯ ಸಾಲು. ಆ ಸಾಲುಗಳೇ ಹರಿದದ್ದನ್ನು ಮುಂದೆ ಹರಿಯದಂತೆ ಹಿಡಿಯುತ್ತಿದ್ದವು. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಚಳಿಗಾಲದಲ್ಲಿ ಬೆಚ್ಚಗೆ. ಹತ್ತಿಯೇ ಬೇಕು, ಪಾಲಿಸ್ಟರ್ ಸೀರೆ ಒಳಗಿಟ್ಟರೆ ಬೆವರು ಹೀರುವುದಿಲ್ಲ. ತೊಯ್ದ ಕೌದಿ ಎತ್ತಲು ಮಾತ್ರ ಇಬ್ಬರು ಬೇಕು.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಬೇಕು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ತುಂಡು ಬಟ್ಟೆ ಮಡಚಿ ಕೂರಿಸಿದ 'ಫೂಲ' ಬೇಕೇ ಬೇಕು, ಇಲ್ಲದಿದ್ದರೆ ಅದು ಪೂರ್ತಿ ಆದಂತೆ ಅಲ್ಲ. ಗೋಡೆಗೆ ತೂಗುಹಾಕಿದರೆ ಅದರ ಪಕ್ಕ ಯಾವ ಚಿತ್ರಪಟವೂ ಬೇಡ.

"ಹಾಸಾಕ ಏನರೆ ಹೊಸಾದು ಬೇಕೇ ಬೇಕು ಅಂದ್ರ ನವಲಗುಂದದ ಜಮಖಾನ ತಗೋರಿ" ಎಂದೆ. ನಮ್ಮ ಧಾರವಾಡ ಜಿಲ್ಲೆಯದೇ. ಹತ್ತಿ ನೂಲಿನಲ್ಲಿ ನವಿಲು, ಪಗಡೆ ಹಾಸು ಎಲ್ಲಾ ಮೂಡಿಸಿ ಹೆಣ್ಣುಮಕ್ಕಳೇ ಮನೆಯಲ್ಲಿ ನೇಯುತ್ತಾರೆ. ಕೊಟ್ಟ ದುಡ್ಡು ಅವರ ಅಡುಗೆಮನೆಗೆ ಹೋಗುತ್ತದೆ ಅನ್ನೋದು ನನಗೆ ದೊಡ್ಡ ಸಮಾಧಾನ.

"ಮತ್ತ ಥರ್ಮಾಕೋಲ್?"

"ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾಗೆಲ್ಲ ಬಂದ್ ಆಗೇತ್ರಿ, ವೈನಿ. ಅದು ಕರಗೂದಿಲ್ಲ, ಕೊಳೆಯೂದಿಲ್ಲ. ಪುಡಿಪುಡಿಯಾಗಿ ಗಟಾರ ಸೇರತೈತಿ. ನಮ್ಮ ಹಿತ್ತಲದಾಗ ಎರಡು ಬಾಳಿಗಿಡ ಗೊನಿ ಕೊಟ್ಟು ನಿಂತಾವ. ಹೆಂಗೂ ಕಡೀಬೇಕು, ಎರಡೂ ನಿಮ್ಮ ಗಣಪ್ಪಗ. ಮಾವಿನ ತಪ್ಪಲ ನಿಮ್ಮಲ್ಲೇ ಐತಿ. ಐದನೇ ದಿನ ಮಂಟಪ ಬಿಚ್ಚಿ ಹಿತ್ತಲದ ಗಿಡದ ಬುಡಕ್ಕ ಹಾಕೋಣು."

ವೈನಿ ಏನೂ ಅನ್ನಲಿಲ್ಲ. ಗಂಟು ಬಿಚ್ಚಿ ಅತ್ತೆಯ ಸೀರೆಯನ್ನು ಬೇಲಿಯ ಮೇಲೆ ಹರವಿದರು. ಸೆರಗಿನ ಹತ್ತಿರ ಹರಿದಿತ್ತು. ಒಡಲು ಇನ್ನೂ ಗಟ್ಟಿ. ಅಂಚನ್ನು ಒಮ್ಮೆ ಸವರಿ, ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯತೊಡಗಿದರು.

"ನಡುಮನಿ ಬಾಗಲಕ್ಕ ಐದು ಮೊಳ ಸಾಕಾಗತೈತಿ, ಅಲ್ಲೇನ್ರಿ?"