ಗಗನ ಗೃಹ್ಯಸೂತ್ರ: ಮೇಲೆ ಸಂಸಾರ ಹೂಡುವವರಿಗೊಂದು ನಿರ್ಣಯಗ್ರಂಥ

ಉಪೋದ್ಘಾತ

ಯಾವ ಗ್ರಂಥಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ: ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಉಣ್ಣುವ, ಮಲಗುವ, ತೇಗುವ ಕ್ರಮ. ಪ್ರಯೋಜನ: ಸದ್ಯಕ್ಕೆ ಏನೂ ಇಲ್ಲ. ಸಂಬಂಧ: ಆ ನಿಲ್ದಾಣ ಆಗಾಗ ನಮ್ಮ ತಾರಸಿಯ ಮೇಲಿಂದಲೇ ಹಾದುಹೋಗುತ್ತದೆ, ಅಷ್ಟೆ. ಅಧಿಕಾರಿ: ಊಟವಾದ ಮೇಲೆ ಬೇರೆ ಕೆಲಸವಿಲ್ಲದ ಯಾವ ಗೃಹಸ್ಥನೂ, ಗೃಹಿಣಿಯೂ.

2000ದ ನವೆಂಬರ್ 2ರಿಂದ ಆ ಮನೆಯಲ್ಲಿ ಜನವಾಸ ಒಂದು ದಿನವೂ ತಪ್ಪಿಲ್ಲ. ಕಾಲು ಶತಮಾನ ಒಲೆಯಿಲ್ಲದೆ ನಡೆದ ಸಂಸಾರಕ್ಕೆ ಇನ್ನೂ ಒಂದು ಗೃಹ್ಯಸೂತ್ರವಿಲ್ಲ ಎಂಬುದು ಪಂಡಿತಲೋಕ ತಲೆತಗ್ಗಿಸಬೇಕಾದ ಸಂಗತಿ. ಎಂಜಿನಿಯರುಗಳು ಬರೆದ ಕೈಪಿಡಿಗಳು ರಾಶಿ ರಾಶಿ ಇವೆ, ನಿಜ. ಆದರೆ ಅವುಗಳಲ್ಲಿ ಏಕಾದಶಿಯ ಪ್ರಸ್ತಾಪವೇ ಇಲ್ಲ.

ಮೊದಲು ಒಂದು ಭ್ರಮೆಯನ್ನು ಖಂಡಿಸಿ ಮುಂದೆ ಹೋಗೋಣ. ಮೇಲೆ ಗುರುತ್ವಾಕರ್ಷಣೆಯೇ ಇಲ್ಲ ಎಂಬುದು ಪಾಮರಮತ. ಇದೆ. ನೆಲದ ಮೇಲಿರುವುದರ ಹೆಚ್ಚುಕಡಿಮೆ ಶೇಕಡಾ 90ರಷ್ಟು ಅಲ್ಲೂ ಇದೆ. ಆದರೆ ಮನೆ, ಮನೆಯವರು, ಅವರ ಚಮಚ ಎಲ್ಲವೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಿರುವುದರಿಂದ ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ತತ್ತ್ವ ಕೆಲವು ಸಹಕಾರ ಸಂಘಗಳಿಗೂ ಅನ್ವಯಿಸುತ್ತದೆ. ಅದಕ್ಕೆ ಬೇರೆ ಗ್ರಂಥ ಬೇಕು.

ಪ್ರಥಮ ಅಧಿಕರಣ: ಕಾಲನಿರ್ಣಯ

ಸಂಶಯ: ನಿಲ್ದಾಣ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ನಮ್ಮ ಒಂದು ದಿನದಲ್ಲಿ ಅಲ್ಲಿ ಹದಿನಾರು ಸೂರ್ಯೋದಯ, ಹದಿನಾರು ಸೂರ್ಯಾಸ್ತ. ಹಾಗಾದರೆ ತ್ರಿಕಾಲ ಸಂಧ್ಯಾವಂದನೆಯ ಗತಿಯೇನು? ಹದಿನಾರು ಮೂರ್ಲೆ ನಲವತ್ತೆಂಟು. ಇಷ್ಟನ್ನು ಮಾಡುವವನು ಪ್ರಯೋಗ ಯಾವಾಗ ಮಾಡಬೇಕು?

ಪೂರ್ವಪಕ್ಷ: ಸಂಧ್ಯಾವಂದನೆ ಕಷ್ಟವಾದರೂ ಏಕಾದಶಿ ಬಲು ಸುಲಭ. ಒಂದು ಸೂರ್ಯೋದಯಕ್ಕೆ ಉಪವಾಸ ಹಿಡಿದರೆ ಮುಂದಿನ ಸೂರ್ಯೋದಯಕ್ಕೆ ಪಾರಣೆ. ನಡುವೆ ಇರುವುದು ಒಂದೂವರೆ ಗಂಟೆ. ತಿಂಡಿಗೂ ಊಟಕ್ಕೂ ನಡುವೆ ಇದಕ್ಕಿಂತ ಹೆಚ್ಚು ಹೊತ್ತು ಹಸಿದಿರುವ ನಾವೆಲ್ಲ ದಿನವೂ ಏಕಾದಶಿಯ ಫಲಕ್ಕೆ ಭಾಗಿಗಳು.

ಸಿದ್ಧಾಂತ: ಇದು ಹೊಟ್ಟೆ ಆಡಿಸಿದ ಮಾತು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ನೀವು ಮನೆಯನ್ನು ಎಷ್ಟು ಜೋರಾಗಿ ತಿರುಗಿಸಿದರೂ ಚಂದ್ರ ತನ್ನ ನಡಿಗೆ ಬದಲಿಸುವುದಿಲ್ಲ. ಮುಂದಿನ ಸೂರ್ಯೋದಯಕ್ಕೂ ಏಕಾದಶಿಯೇ, ಅದರ ಮುಂದಿನದಕ್ಕೂ ಏಕಾದಶಿಯೇ. ಕಡಿಮೆಯೆಂದರೂ ಹನ್ನೆರಡು ಏಕಾದಶಿಗಳು ಸಾಲಾಗಿ ನಿಂತ ಮೇಲೆ ದ್ವಾದಶಿಯ ಮುಖ ಕಾಣುವುದು. ರಾಹುಕಾಲದ ಲೆಕ್ಕವೂ ಹೀಗೆಯೇ. ಹಗಲಿನ ಎಂಟನೆಯ ಒಂದು ಪಾಲು ರಾಹುವಿನದು. ಮೇಲೆ ಹಗಲು ಮುಕ್ಕಾಲು ಗಂಟೆಯನ್ನು ಸ್ವಲ್ಪ ಮೀರುವುದರಿಂದ ರಾಹುವಿಗೆ ಆರೇಳು ನಿಮಿಷ ಸಿಗುತ್ತದೆ. ಅದು ದಿನಕ್ಕೆ ಹದಿನಾರು ಸಲ ಬರುತ್ತದೆ. ಕೂಡಿ ನೋಡಿದರೆ ನೆಲದ ಮೇಲಿನ ಒಂದೂವರೆ ಗಂಟೆಗಿಂತ ಕಡಿಮೆಯಾಗದು. ರಾಕೆಟ್ ಏರಿದರೂ ರಾಹು ಬಿಡನು ಎಂದು ಗಣಿತಸಮೇತ ಸಿದ್ಧವಾಯಿತು.

ಇಂಥ ಪ್ರಶ್ನೆಗಳನ್ನು ಕೇಳಿ ನಗುವವರು ಗಮನಿಸಬೇಕು: ಬೇರೆಯವರು ಇವನ್ನು ಗಂಭೀರವಾಗಿಯೇ ಇತ್ಯರ್ಥ ಮಾಡಿಕೊಂಡಿದ್ದಾರೆ. 2003ರಲ್ಲಿ ಇಸ್ರೇಲಿನ ಮೊದಲ ಗಗನಯಾತ್ರಿ ಇಲಾನ್ ರಾಮೊನ್ ಸಬ್ಬತ್ತಿನ ಲೆಕ್ಕಕ್ಕೆ ತಾವು ಹೊರಟ ಕೇಪ್ ಕೆನಾವರಲ್‌ನ ಗಡಿಯಾರವನ್ನು ಹಿಡಿದರು. 2007ರ ರಂಜಾನ್ ತಿಂಗಳಲ್ಲಿ ಮಲೇಷ್ಯಾದ ಶೇಖ್ ಮುಸ್ಜಫರ್ ಶುಕೋರ್ ನಿಲ್ದಾಣಕ್ಕೆ ಹೋದಾಗ ಅವರ ದೇಶದ ಫತ್ವಾ ಮಂಡಳಿ ಕೈಪಿಡಿಯನ್ನೇ ಹೊರಡಿಸಿತು. ಹೊತ್ತು ಹೊರಟ ಊರಾದ ಬೈಕೊನೂರಿನದು, ದಿಕ್ಕು ಕೈಲಾದಷ್ಟು, ಉಪವಾಸವನ್ನು ಬೇಕಾದರೆ ಭೂಮಿಗೆ ಮರಳಿದ ಮೇಲೆ ಪೂರೈಸಬಹುದು. ಈ ಶಿಷ್ಟಾಚಾರವನ್ನು ಅನುಸರಿಸಿ ನಿರ್ಣಯ: ಗಗನಯಾನದವರಿಗೆ ಶ್ರೀಹರಿಕೋಟದ ಸೂರ್ಯೋದಯವೇ ಪ್ರಮಾಣ. ಮಠಕ್ಕೊಂದು ಪಂಚಾಂಗದ ವ್ಯಾಜ್ಯವನ್ನು ಮೇಲಕ್ಕೆ ಒಯ್ಯತಕ್ಕದ್ದಲ್ಲ, ತೂಕ ಹೆಚ್ಚಾಗುತ್ತದೆ.

ದ್ವಿತೀಯ ಅಧಿಕರಣ: ಶಯನ

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬುದು ಪ್ರಸಿದ್ಧ. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವ ಮನೆಯಲ್ಲಿ ಉತ್ತರವನ್ನು ಎಲ್ಲಿ ಹುಡುಕುವುದು?

ಇಲ್ಲಿ ಪೂರ್ವಪಕ್ಷಕ್ಕೆ ಅವಕಾಶವೇ ಇಲ್ಲ. ನಿಲ್ದಾಣದ ಕಕ್ಷೆ ವಿಷುವದ್ವೃತ್ತಕ್ಕೆ 51.6 ಡಿಗ್ರಿ ಓರೆಯಾಗಿದೆ. ಅದು ಸಾಗುವ ದಿಕ್ಕು ಈಶಾನ್ಯದಿಂದ ಪೂರ್ವಕ್ಕೆ, ಪೂರ್ವದಿಂದ ಆಗ್ನೇಯಕ್ಕೆ ಹೊರಳಿ ಮತ್ತೆ ಹಿಂದಿರುಗುತ್ತದೆಯೇ ಹೊರತು ನೇರ ಉತ್ತರಕ್ಕೆ ಎಂದೂ ತಿರುಗದು. ಆದ್ದರಿಂದ ನಿಲ್ದಾಣ ಸಾಗುವ ಕಡೆಗೆ ತಲೆಯಿಟ್ಟು ಮಲಗಿದವನು ರಾತ್ರಿಯಿಡೀ ನಿರ್ದೋಷಿ. ಕಕ್ಷೆಯನ್ನು ಗೊತ್ತುಮಾಡಿದವರು ಕಜಕಸ್ತಾನದಿಂದ ರಷ್ಯದ ರಾಕೆಟ್‌ಗಳು ತಲುಪಲು ಅನುಕೂಲವಾಗಲೆಂದು ಹಾಗೆ ಮಾಡಿದರಂತೆ. ಶಾಸ್ತ್ರಕ್ಕೆ ಅವರ ಉದ್ದೇಶ ಮುಖ್ಯವಲ್ಲ.

ಉಳಿದ ವಿಧಿಗಳು: ಮಲಗುವ ಚೀಲವನ್ನು ಗೋಡೆಗೆ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಬೇರೆ ಯಾರದೋ ಕೋಣೆಯಲ್ಲಿ ಏಳಬೇಕಾದೀತು. ಗಾಳಿಯಾಡುವಂತೆ ಫ್ಯಾನ್ ತಿರುಗುತ್ತಲೇ ಇರಬೇಕು. ಬಿಸಿಗಾಳಿ ಮೇಲಕ್ಕೇರುವ ಸಂಪ್ರದಾಯ ಅಲ್ಲಿಲ್ಲವಾದ್ದರಿಂದ, ಬಿಟ್ಟ ಉಸಿರು ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ಫ್ಯಾನ್ ಹಾಕಿಕೊಂಡು ಮಲಗಬೇಡ, ನೆಗಡಿಯಾಗುತ್ತದೆ ಎಂಬ ಅಜ್ಜಿಯ ಶಾಸನ ಭೂಮಂಡಲಕ್ಕೆ ಸೀಮಿತವೆಂದು ತಿಳಿಯತಕ್ಕದ್ದು.

ತೃತೀಯ ಅಧಿಕರಣ: ಭೋಜನ

ಗಗನದಲ್ಲಿ ಅನ್ನಗಳು ಎರಡು ವಿಧ: ಅಂಟುವವು, ಉದುರುವವು. ಅಂಟುವವು ಗ್ರಾಹ್ಯ, ಉದುರುವವು ತ್ಯಾಜ್ಯ. ಇದಕ್ಕೆ ದೃಷ್ಟಾಂತ: 1965ರ ಮಾರ್ಚ್‌ನಲ್ಲಿ ಜೆಮಿನಿ 3 ನೌಕೆಯಲ್ಲಿ ಜಾನ್ ಯಂಗ್ ಎಂಬವರು ಜೇಬಿನಲ್ಲಿ ಕದ್ದೊಯ್ದ ಸ್ಯಾಂಡ್‌ವಿಚ್ಚನ್ನು ಹೊರತೆಗೆದರು. ಬ್ರೆಡ್ಡಿನ ಪುಡಿ ನೌಕೆಯೊಳಗೆ ತೇಲಾಡಿತು. ಆ ಪುಡಿ ಅಮೆರಿಕದ ಸಂಸತ್ತಿನವರೆಗೂ ತೇಲಿತು. 1985ರಲ್ಲಿ ಮೆಕ್ಸಿಕೋದ ರೊಡಾಲ್ಫೊ ನೇರಿ ವೇಲಾ ಟೋರ್ಟಿಯಾಗಳನ್ನು ಒಯ್ದ ಮೇಲೆ ಬ್ರೆಡ್ಡಿನ ಪೀಠಕ್ಕೆ ಚಪಾತಿಯ ಈ ದಾಯಾದಿ ಬಂದು ಕೂತಿತು. ಉಪ್ಪನ್ನು ನೀರಿನಲ್ಲಿ, ಕಾಳುಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹನಿಹನಿಯಾಗಿ ಬಡಿಸುವುದು ಅಲ್ಲಿಯ ಪದ್ಧತಿ.

ಇದರಿಂದ ಹೊರಡುವ ಕರ್ನಾಟಕ ಸಂಬಂಧಿ ನಿರ್ಣಯಗಳು: ಚುರುಮುರಿ, ಖಾರಾಬೂಂದಿ, ಚಟ್ನಿಪುಡಿ ಸರ್ವಥಾ ನಿಷಿದ್ಧ. ಜೋಳದ ರೊಟ್ಟಿಯಲ್ಲಿ ಮೆತ್ತನೆಯದು ಸಲ್ಲುತ್ತದೆ, ಖಡಕ್ ಸಲ್ಲದು. ಮೊಸರನ್ನ ಉತ್ತಮ, ಚಮಚವನ್ನು ತಲೆಕೆಳಗು ಮಾಡಿದರೂ ಕೈಬಿಡದು. ರಾಗಿಮುದ್ದೆ ಉತ್ತಮೋತ್ತಮ: ಉದುರದು, ಒಡೆಯದು, ಅಗಿಯುವ ಹಂಗೂ ಇಲ್ಲ. ಇಂಥದ್ದನ್ನು ನಾಸಾ ಇನ್ನೂ ಕಂಡುಹಿಡಿಯದಿರುವುದು ಆಶ್ಚರ್ಯ.

ಸಾರನ್ನು ಚೀಲದಿಂದ ಸ್ಟ್ರಾದಲ್ಲಿ ಹೀರಬೇಕು. ಉಂಡಾದ ಮೇಲೆ ತೇಗಕೂಡದು. ಹೊಟ್ಟೆಯಲ್ಲಿ ಗಾಳಿ ಮೇಲೆ, ಅನ್ನ ಕೆಳಗೆ ಎಂಬ ವಿಂಗಡಣೆ ಅಲ್ಲಿ ಇಲ್ಲ. ತೇಗಿನ ಜೊತೆ ಹುಳಿಯೂ ಮರಳಿ ಬರಬಹುದು. ಅಡುಗೆಯವರನ್ನು ಹೊಗಳಬೇಕೆನಿಸಿದರೆ ಬಾಯಿಮಾತಿನಲ್ಲಿ ಹೊಗಳತಕ್ಕದ್ದು.

ನಮ್ಮ ನಾಡಿಗೆ ಈ ಅಧಿಕರಣದಲ್ಲಿ ಹಕ್ಕಿದೆ. 1984ರಲ್ಲಿ ರಾಕೇಶ್ ಶರ್ಮಾ ಸಲ್ಯೂತ್ 7ಕ್ಕೆ ಹೋದಾಗ ಬುತ್ತಿ ಕಟ್ಟಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. 2025ರಲ್ಲಿ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವದ ಜೊತೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯವನ್ನೂ ಒಯ್ದರು. ಕಾಳು ಮೇಲೆಯೇ ಮೊಳಕೆ ಒಡೆಯಿತು. ಆದರೆ ಅದನ್ನು ಉಸಲಿ ಮಾಡದೆ ಶೀತಲಪೆಟ್ಟಿಗೆಯಲ್ಲಿಟ್ಟರು. ವಿಜ್ಞಾನಕ್ಕೆ ಇದರಿಂದ ಲಾಭ, ಒಗ್ಗರಣೆಗೆ ನಷ್ಟ.

ಚತುರ್ಥ ಅಧಿಕರಣ: ಪಾನ ಮತ್ತು ಎಂಜಲು

ಸಂಶಯ: ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತದೆಯೇ? ಇಳಿಯುವುದಿಲ್ಲ. ಇಳಿಯುವುದಕ್ಕೆ ಕೆಳಗು ಎಂಬುದೊಂದು ಇರಬೇಕಲ್ಲ. ನೀರು ಪುಡಿಯನ್ನು ಅಪ್ಪಿಕೊಂಡು ಅಲ್ಲೇ ಕೂರುತ್ತದೆ. ಆದ್ದರಿಂದ ಒತ್ತಡದಿಂದ ನೀರು ನುಗ್ಗಿಸುವ ಇಟಲಿಯ ಯಂತ್ರವನ್ನೇ ಮೇಲಕ್ಕೆ ಸಾಗಿಸಬೇಕಾಯಿತು. 2015ರ ಮೇ 3ರಂದು ಸಮಂತಾ ಕ್ರಿಸ್ಟೊಫೊರೆಟ್ಟಿ ಅದರಲ್ಲಿ ಮೊದಲ ಎಸ್ಪ್ರೆಸೊ ಇಳಿಸಿ, ಒಂದು ಬದಿ ಚೂಪಾಗಿರುವ ಬಟ್ಟಲಿನಲ್ಲಿ ಕುಡಿದರು. ಆ ಚೂಪು ಮೂಲೆಯ ಗುಂಟ ಕಾಫಿ ತಾನಾಗಿ ತುಟಿಯವರೆಗೆ ತೆವಳಿ ಬರುತ್ತದೆ. 2008ರಲ್ಲಿ ಡಾನ್ ಪೆಟಿಟ್ ಕೈಪಿಡಿಯ ಪ್ಲಾಸ್ಟಿಕ್ ಹಾಳೆಯೊಂದನ್ನು ಮಡಿಸಿ ಮಾಡಿಕೊಂಡ ಲೋಟವೇ ಇದರ ಮೂಲ. ಲೋಟವನ್ನು ಎತ್ತಿ, ತುಟಿಗೆ ತಾಗಿಸದೆ ಗಟಗಟ ಕುಡಿಯುವ ನಮ್ಮ ಸದಾಚಾರ ಅಲ್ಲಿ ನಡೆಯದು. ಎತ್ತಿದ ಲೋಟದಿಂದ ಏನೂ ಬೀಳದು.

ಎಂಜಲಿನ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಸೋಸಿ ಮತ್ತೆ ಕುಡಿಯುವ ನೀರಾಗಿಸುವ ಯಂತ್ರ ಅಲ್ಲಿದೆ. 2023ರಲ್ಲಿ ಅದು ಶೇಕಡಾ 98ರಷ್ಟು ನೀರನ್ನು ಮರಳಿ ಪಡೆದುಕೊಟ್ಟಿತು. ರಷ್ಯದವನ ಬೆವರು ಅಮೆರಿಕದವಳ ಕಾಫಿಯಾಗುವ ಮನೆಯಲ್ಲಿ ಲೋಟ ಬೇರೆಬೇರೆ ಇಟ್ಟುಕೊಂಡು ಮಾಡುವುದೇನು? ಎಂಜಲು ಪ್ರಕರಣವನ್ನು ಸಂಪೂರ್ಣ ರದ್ದುಪಡಿಸಲಾಗಿದೆ. ಇದೇ ನಿರ್ಣಯವನ್ನು ಭೂಮಿಯ ಮೇಲೂ ಅನ್ವಯಿಸಿ, ಬೇರೆ ಲೋಟ ಇಡುವ ಹೋಟೆಲು, ಮನೆಗಳಿಗೆ ಒಂದು ಪ್ರತಿ ಕಳಿಸತಕ್ಕದ್ದು.

ಪಂಚಮ ಅಧಿಕರಣ: ಮಡಿ ಮತ್ತು ಶೌಚ

ನಿಲ್ದಾಣದಲ್ಲಿ ಬಟ್ಟೆ ಒಗೆಯುವುದಿಲ್ಲ. ಉಟ್ಟು ಉಟ್ಟು ಸಾಕಾದ ಬಟ್ಟೆಯನ್ನು ಖಾಲಿಯಾದ ಸರಕು ನೌಕೆಗೆ ತುಂಬಿ ವಾತಾವರಣಕ್ಕೆ ನೂಕುತ್ತಾರೆ. ಅಲ್ಲಿ ಅದು ಉರಿದು ಬೂದಿಯಾಗುತ್ತದೆ. ಆಕಾಶದಲ್ಲಿ ಬೆಂಕಿಗೆರೆ ಕಂಡು ಕೈಮುಗಿಯುವ ಮುನ್ನ ಅದು ಯಾರ ಬನಿಯನ್ ಎಂದು ವಿಚಾರಿಸುವುದು ಕ್ಷೇಮ.

ಶೌಚದಲ್ಲಿ ಚೊಂಬು ನಿರರ್ಥಕ. ಅದರ ನೀರು ಬೀಳದು. ಕೆಳಗೆ ಬೀಳಿಸುವ ಕೆಲಸವನ್ನು ಗಾಳಿಯೇ ಹೀರಿಕೊಂಡು ಮಾಡಬೇಕು. 2020ರಲ್ಲಿ ಕಳಿಸಿದ ಹೊಸ ಶೌಚಯಂತ್ರಕ್ಕೆ ಸುಮಾರು 2.3 ಕೋಟಿ ಡಾಲರ್ ಖರ್ಚಾಗಿದೆ. ಇಲ್ಲಿ ಇದೇ ಕೆಲಸವನ್ನು ಭೂಮಿ ಬಿಟ್ಟಿಯಾಗಿ ಮಾಡಿಕೊಡುತ್ತಿದೆ, ಯಾರೂ ಒಂದು ಕೃತಜ್ಞತೆ ಹೇಳಿದ್ದಿಲ್ಲ.

ಷಷ್ಠ ಅಧಿಕರಣ: ಅಪವಾದ

ಇಟ್ಟ ವಸ್ತು ಇಟ್ಟಲ್ಲಿ ಇರದ ಮನೆಯಲ್ಲಿ ಕಳವಿನ ಆರೋಪ ಸಹಜ. 1969ರ ಮೇನಲ್ಲಿ ಅಪೊಲೊ 10ರ ಒಳಗೆ ಹೇಳಬಾರದ ವಸ್ತುವೊಂದು ತೇಲಿಬಂದಾಗ ಮೂವರು ಯಾತ್ರಿಗಳೂ ಅದು ತಮ್ಮದಲ್ಲವೆಂದರು. ಆ ಸಂವಾದ ಅಧಿಕೃತ ದಾಖಲೆಯಲ್ಲಿದೆ, ತೀರ್ಪು ಇಲ್ಲ.

ಇದಕ್ಕಿಂತ ದಾರುಣವಾದದ್ದು ಫ್ರಾಂಕ್ ರೂಬಿಯೊ ಅವರ ಕಥೆ. 2023ರಲ್ಲಿ ನಿಲ್ದಾಣದಲ್ಲಿ ಬೆಳೆದ ಪುಟ್ಟ ಟೊಮೆಟೊ ಒಂದು ಅವರ ಕೈಯಿಂದ ತಪ್ಪಿಸಿಕೊಂಡಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ತಿಂದೇ ಬಿಟ್ಟಿದ್ದಾರೆ ಎಂದು ಜೊತೆಯವರ ತಮಾಷೆ. ಶಮಂತಕಮಣಿಯ ಅಪವಾದ ಹೊತ್ತ ಕೃಷ್ಣನಿಗೆ ಕಾಡಿಗೆ ಹೋಗಿ ಹುಡುಕುವ ಅವಕಾಶವಾದರೂ ಇತ್ತು. ರೂಬಿಯೊ 371 ದಿನ ಮೇಲಿದ್ದು, ಆರೋಪವನ್ನು ಹೊತ್ತುಕೊಂಡೇ ಭೂಮಿಗೆ ಇಳಿದರು. ಡಿಸೆಂಬರಿನಲ್ಲಿ ಟೊಮೆಟೊ ಒಣಗಿ ಸಿಕ್ಕಿತು, ಅವರು ನಿರ್ದೋಷಿಯೆಂದು ಮೇಲಿನವರೇ ಸಾರಿದರು. ಸೂತ್ರ: ಕಳೆದ ವಸ್ತುವನ್ನು ಮೇಜಿನ ಕೆಳಗೆ ಹುಡುಕಬಾರದು, ಗಾಳಿ ಹೀರುವ ಜಾಲರಿಯಲ್ಲಿ ಮೊದಲು ನೋಡಬೇಕು. ಅಲ್ಲೂ ಇಲ್ಲದಿದ್ದರೆ ಎಂಟು ತಿಂಗಳು ಸುಮ್ಮನಿರಬೇಕು.

ಫಲಶ್ರುತಿ

ಆರು ಅಧಿಕರಣಗಳನ್ನು ಕಡೆದಾಗ ಬಂದ ಬೆಣ್ಣೆ ಇಷ್ಟು. ತಟ್ಟೆಯಲ್ಲಿ ಸಾರು ನಿಲ್ಲಿಸುವುದು, ಎತ್ತಿ ಕುಡಿಯುವುದು, ಮಿಂದು ಮಡಿಯುಡುವುದು, ಇಟ್ಟಲ್ಲಿ ಇಡುವುದು ಮುಂತಾಗಿ ನಾವು ಹೆಮ್ಮೆಪಡುವ ಶಿಸ್ತುಗಳಲ್ಲಿ ಹೆಚ್ಚಿನವನ್ನು ಪಾಲಿಸುತ್ತಿದ್ದದ್ದು ನಾವಲ್ಲ, ಭೂಮಿ. ಅದರ ಹಿಡಿತ ತಪ್ಪಿದರೂ ಉಳಿಯುವವು ಮೂರೇ: ಹೊರಟ ಊರಿನ ಗಡಿಯಾರ ಬಿಡದಿರುವುದು, ಒಂದೇ ನೀರನ್ನು ಹಂಚಿ ಕುಡಿಯುವುದು, ಕಳೆದುಹೋದದ್ದಕ್ಕೆಲ್ಲ ಪಕ್ಕದವನನ್ನು ಶಂಕಿಸುವುದು. ಮನುಷ್ಯನ ನಿಜವಾದ ಗೃಹ್ಯಸೂತ್ರ ಈ ಮೂರೇ ಎಂದು ಗ್ರಂಥಕರ್ತನ ಮತ.

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಗಗನಯಾನದ ಟಿಕೆಟ್ ಸಿಗುವುದಿಲ್ಲ. ಸಿಕ್ಕವರಲ್ಲಿ ಮಾತ್ರ ಒಂದು ವಿನಂತಿ: ಮುದ್ದೆಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಿ. ಚಟ್ನಿಪುಡಿಯ ಡಬ್ಬಿಯನ್ನು ಇಲ್ಲೇ ಬಿಟ್ಟುಹೋಗಿ, ಅದನ್ನು ನಾವು ನೋಡಿಕೊಳ್ಳುತ್ತೇವೆ.