ಬೇಲ್-ನ್ಯಾಯ ಅಥವಾ ಕಂಟೇನರ್ ಮೀಮಾಂಸೆ

1. ಲಕ್ಷಣ

ತಂತ್ರಾಂಶವೊಂದನ್ನು ಅದರ ಲೈಬ್ರರಿ, ಸೆಟ್ಟಿಂಗು, ಬಂಧುಬಳಗ ಸಮೇತ ಕಟ್ಟಿಟ್ಟದ್ದು ಕಂಟೇನರ್ ಇಮೇಜು. ಕಟ್ಟುವ ಕ್ರಮವನ್ನು ಬರೆದಿಟ್ಟದ್ದು ಡೆಫಿನಿಷನ್ ಫೈಲು. ‘ನನ್ನ ಕಂಪ್ಯೂಟರಲ್ಲಿ ಓಡ್ತಿತ್ತಲ್ಲ!’ ಎಂಬ ಅನಾದಿ ವಾಕ್ಯದ ಖಂಡನೆಯೇ ಈ ಶಾಸ್ತ್ರದ ಪ್ರಯೋಜನ.

2. ಮತಭೇದ

ಡಾಕರ್ ಮತ 2013ರಲ್ಲಿ ಪ್ರಕಟವಾಯಿತು. ಹಿನ್ನೆಲೆಯಲ್ಲಿ ಸದಾ ಓಡುವ ಅದರ ಡೀಮನ್ನಿಗೆ ರೂಟ್ ಅಧಿಕಾರ, ಅಂದರೆ ಯಂತ್ರದ ಸರ್ವಾಧಿಕಾರ, ಇರುವುದು ವಾಡಿಕೆ. ನೂರಾರು ಜನ ಹಂಚಿಕೊಂಡು ಬಳಸುವ ಸೂಪರ್ ಕಂಪ್ಯೂಟರಿನಲ್ಲಿ ಅಂಥ ಡೀಮನ್ನನ್ನು ಎಲ್ಲರ ಕೈಗೂ ಕೊಡುವ ಧೈರ್ಯ ಯಾವ ಮೇಲ್ವಿಚಾರಕರಿಗೂ ಇಲ್ಲ. ಆದ್ದರಿಂದ 2015ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗರಿ ಕರ್ಟ್ಜರ್ ಸಿಂಗ್ಯುಲಾರಿಟಿ ಮತವನ್ನು ಪ್ರವರ್ತಿಸಿದರು. 2021ರಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಬಂದು ಅದು ಆಪ್ಟೈನರ್ ಎಂಬ ನಾಮಾಂತರ ಪಡೆಯಿತು. ಈ ಗ್ರಂಥ ಆ ಮತದ್ದು.

3. ದೃಷ್ಟಾಂತ

ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಬೆಳೆಗಾರರು ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸಿ, ಗ್ರೇಡು ಮಾಡಿ, ಬೇಲ್ ಕಟ್ಟಿ ಅಲ್ಲಿಗೆ ತರುತ್ತಾರೆ. ಬೇಲ್ ಕಟ್ಟಿದ ಮೇಲೆ ಒಳಗಿನ ಎಲೆ ಬದಲಾಗುವಂತಿಲ್ಲ. ಮಾತೆಲ್ಲ ಇನ್ನು ಬೇಲಿನ ಮೇಲೆಯೇ. ಆಪ್ಟೈನರ್ ಕಟ್ಟುವ ಇಮೇಜು, ಅಂದರೆ ಸಿಫ್ ಕಡತವೂ ಹಾಗೆಯೇ: ಒಂದೇ ಕಟ್ಟು, ಓದಬಹುದು, ಓಡಿಸಬಹುದು, ಒಳಗೆ ಕೈ ಹಾಕುವಂತಿಲ್ಲ. ಇದೇ ಬೇಲ್-ನ್ಯಾಯ.

4. ಅಂಗಗಳು

ಡೆಫಿನಿಷನ್ ಫೈಲಿನ ಶಿರಸ್ಸಿನಲ್ಲಿ ಎರಡು ಸಾಲು:

ಬೂಟ್‌ಸ್ಟ್ರ್ಯಾಪ್: ಡಾಕರ್
ಫ್ರಮ್: ಉಬುಂಟು:22.04

ಪ್ರತಿಪಕ್ಷವನ್ನು ಖಂಡಿಸಲು ಹುಟ್ಟಿದ ಮತ ತನ್ನ ಮೊದಲ ಸಾಲಿನಲ್ಲೇ ಪ್ರತಿಪಕ್ಷದ ಉಗ್ರಾಣದಿಂದ ಸಾಮಾನು ಸಾಲ ತರುವುದನ್ನು ವಿದ್ವಾಂಸರು ಸಮನ್ವಯ ಎನ್ನುತ್ತಾರೆ.

ಶಿರಸ್ಸಿನ ಕೆಳಗಿನ ಅಂಗಗಳನ್ನು ಯಾವ ಸರದಿಯಲ್ಲಿ ಬರೆದರೂ ದೋಷವಿಲ್ಲ, ಅವು ನಡೆಯುವ ಕ್ರಮ ನಿಯತ. %ಫೈಲ್ಸ್ ಹೊರಗಿನ ಕಡತಗಳನ್ನು ಒಳಗೆ ತರುತ್ತದೆ. %ಪೋಸ್ಟ್ ಒಳಗೆ ಕುಳಿತು ತಂತ್ರಾಂಶ ಹೂಡುತ್ತದೆ. %ಎನ್ವಿರಾನ್ಮೆಂಟ್ ಓಡುವಾಗ ಮಾತ್ರ ಎಚ್ಚರಗೊಳ್ಳುತ್ತದೆ. ಕಟ್ಟುವಾಗ ಅದನ್ನು ಎಷ್ಟು ಕೂಗಿದರೂ ಏಳದು. %ರನ್‌ಸ್ಕ್ರಿಪ್ಟ್ ಓಡಿಸಿದಾಗ ಏನಾಗಬೇಕೆಂದು ಹೇಳುತ್ತದೆ. %ಟೆಸ್ಟ್ ಕಟ್ಟಿದ ಮೇಲಿನ ಪರೀಕ್ಷೆ, ಬರೆಯುವವರು ವಿರಳ. %ಸೆಟಪ್ ಎಂಬ ಅಂಗ ಕಂಟೇನರಿನ ಹೊರಗೆ, ಸ್ವಂತ ಯಂತ್ರದ ಮೇಲೆಯೇ ನಡೆಯುವುದರಿಂದ, ಅಲ್ಲಿ ಅಳಿಸುವ ಆಜ್ಞೆ ಬರೆದವರು ಪರರ ಬೇಲ್ ಕಟ್ಟಲು ಹೋಗಿ ಸ್ವಗೃಹ ದಹಿಸಿಕೊಳ್ಳುತ್ತಾರೆ.

5. ವಿಧಿ

ಕಮಾಂಡ್ ಲೈನಿನಲ್ಲಿ ‘ಆಪ್ಟೈನರ್ ಬಿಲ್ಡ್ ಸೊಪ್ಪು.ಸಿಫ್ ಸೊಪ್ಪು.ಡೆಫ್’ ಎಂದು ಜಪಿಸಿ ಎಂಟರ್ ಒತ್ತಬೇಕು. ಫಲ ಮೊದಲು, ಕಾರಣ ಆಮೇಲೆ. ಅದಲುಬದಲಾದರೆ ಜಪ ನಿಷ್ಫಲ. ಕಟ್ಟುವಾಗ ಒಳಗೆ ತಂತ್ರಾಂಶ ಹೂಡಲು ರೂಟ್ ಅಧಿಕಾರ ಬೇಕು, ಅದು ಸಾಮಾನ್ಯರಿಗಿಲ್ಲ. ಇಲ್ಲಿ ಮಾಯಾವಾದ ನೆರವಿಗೆ ಬರುತ್ತದೆ: ‘--ಫೇಕ್‌ರೂಟ್’ ಎಂದರೆ ಕಟ್ಟುವವರು ಒಳಗೆ ತಾವೇ ರೂಟ್ ಎಂದು ಭ್ರಮಿಸುತ್ತಾರೆ, ಹೊರಗೆ ಮೊದಲಿನ ಬಡಪಾಯಿಗಳಾಗಿಯೇ ಉಳಿಯುತ್ತಾರೆ. ಭ್ರಮೆಯಿಂದಲೂ ಸತ್ಕಾರ್ಯ ನಡೆಯುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವೇದಾಂತದಲ್ಲೂ ಸಿಕ್ಕದು.

6. ವಿಘ್ನ

ವಿಘ್ನಗಳಲ್ಲಿ ಶ್ರೇಷ್ಠವಾದದ್ದು ಪ್ರಶ್ನೆ. %ಪೋಸ್ಟ್‌ನಲ್ಲಿ ಟಿಜೆಡ್‌ಡೇಟಾ ಎಂಬ ಕಾಲವಲಯದ ಪ್ಯಾಕೇಜು ಹೂಡುವಾಗ ಅದು ಥಟ್ಟನೆ ನಿಂತು, ನೀವು ಯಾವ ಭೂಖಂಡದವರು ಎಂದು ಕೇಳುತ್ತದೆ. ಏಷ್ಯಾ ಎಂದರೆ, ಯಾವ ಊರು ಎನ್ನುತ್ತದೆ. ಪಟ್ಟಿಯಲ್ಲಿ ಕೋಲ್ಕತ್ತ ಇದೆ. ರಾಮನಾಥಪುರ ಬಿಡಿ, ಬೆಂಗಳೂರೂ ಇಲ್ಲ. ಬಿಲ್ಡ್ ಹಾಕಿ ಊಟಕ್ಕೆ ಹೋದವರು ಬಂದು ನೋಡಿದರೆ ಪ್ರಶ್ನೆ ಹಾಗೆಯೇ ಕಾಯುತ್ತಿರುತ್ತದೆ. ಪರಿಹಾರ: %ಪೋಸ್ಟ್‌ನ ಆರಂಭದಲ್ಲೇ ಡೆಬಿಯನ್_ಫ್ರಂಟೆಂಡ್ ಎಂಬುದನ್ನು ‘ನಾನ್‌ಇಂಟರಾಕ್ಟಿವ್’ ಮಾಡಿ ಮೌನವ್ರತ ವಿಧಿಸುವುದು, ಪ್ಯಾಕೇಜು ತರುವ ಆಪ್ಟ್-ಗೆಟ್‌ಗೆ ‘-ವೈ’ ಕೊಟ್ಟು ಎಲ್ಲಕ್ಕೂ ಮೊದಲೇ ಹ್ಞೂಂ ಅಂದುಬಿಡುವುದು.

7. ಪೂರ್ವಪಕ್ಷ ಮತ್ತು ಸಿದ್ಧಾಂತ

‘ಫೈಲು ಒಂದೇ ಆದರೆ ಇಮೇಜೂ ಒಂದೇ’ ಎಂಬುದು ಪೂರ್ವಪಕ್ಷ. ಅದು ಸಲ್ಲದು. ‘ಉಬುಂಟು:ಲೇಟೆಸ್ಟ್’ ಎಂದು ಬರೆದ ಫೈಲು ಇಂದು ತರುವುದು ಒಂದು, ಮುಂದಿನ ವರ್ಷ ತರುವುದು ಇನ್ನೊಂದು. 22.04 ಎಂದು ನಮೂದಿಸಿದರೂ ಆಪ್ಟ್-ಗೆಟ್ ತರುವ ಪ್ಯಾಕೇಜುಗಳು ಹೊಸದಾಗುತ್ತಲೇ ಇರುತ್ತವೆ. ವಿಧಾನ ಅದೇ ಆದರೂ ಹೋದ ವರ್ಷದ ಸೊಪ್ಪು ಈ ವರ್ಷದ ಬ್ಯಾರನ್ನಿನಿಂದ ಇಳಿಯುವುದಿಲ್ಲ. ಆದ್ದರಿಂದ ಸಿದ್ಧಾಂತ ಇದು: ಫೈಲು ವಿಧಾನಕ್ಕೆ ಪ್ರಮಾಣ, ಸಿಫ್ ಫಲಕ್ಕೆ ಪ್ರಮಾಣ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯುವುದು ನಿಷಿದ್ಧ.

8. ಪ್ರಾಯಶ್ಚಿತ್ತ

ಡೆಫಿನಿಷನ್ ಫೈಲನ್ನೇ ಕಳೆದುಕೊಂಡ ಪ್ರಮಾದಿಗಳಿಗೂ ಗತಿಯುಂಟು. ಕಟ್ಟುವಾಗ ಆಪ್ಟೈನರ್ ಅದರ ಒಂದು ಪ್ರತಿಯನ್ನು ಸದ್ದಿಲ್ಲದೆ ಸಿಫ್ ಒಳಗೇ ಇಟ್ಟಿರುತ್ತದೆ. ‘ಆಪ್ಟೈನರ್ ಇನ್‌ಸ್ಪೆಕ್ಟ್ --ಡೆಫ್‌ಫೈಲ್ ಸೊಪ್ಪು.ಸಿಫ್’ ಎಂದರೆ ಅಷ್ಟೂ ಸಾಲು ಪರದೆಯ ಮೇಲೆ ಬರುತ್ತವೆ. ಸಿಫ್ಫನ್ನೂ ಕಳೆದುಕೊಂಡವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ. ಅವರು ಮೊದಲಿನಿಂದ ಟೈಪು ಮಾಡತಕ್ಕದ್ದು.