ಮಂಗಳವಾರ ಬನ್ನಿ ಮೇಡಂ
(ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬು. ಕಾರ್ಯದರ್ಶಿಯ ಕೋಣೆ.)

ಸದಸ್ಯೆ: ಭಾನುವಾರ ಬೆಳಿಗ್ಗೆ ಆಡೋಕೆ ಸಮಯ ಬೇಕಿತ್ತು ಸಾರ್.

ಕಾರ್ಯದರ್ಶಿ: ಅಯ್ಯೋ, ಭಾನುವಾರ ಗಂಡಸರದು. ಪಾಪ, ವಾರವಿಡೀ ದುಡಿದಿರ್ತಾರೆ. ನಿಮಗೆ ಮಂಗಳವಾರ ಲೇಡೀಸ್ ಡೇ ಇದೆಯಲ್ಲ!

ಸದಸ್ಯೆ: ಮಂಗಳವಾರ ನನಗೂ ಆಫೀಸು.

ಕಾರ್ಯದರ್ಶಿ: ಹೌದಾ? ಫಾರಂನಲ್ಲಿ ‘ಸದಸ್ಯರ ಪತ್ನಿ’ ಅಂತಷ್ಟೇ ಇದೆ. ಆಫೀಸಿಗೆ ಕಾಲಮ್ಮೇ ಇಲ್ಲ.

ಸದಸ್ಯೆ: ಹೋಗ್ಲಿ, 18 ಹೋಲ್ ಮುಗಿಸೋಕೆ ನಾಲ್ಕು ಗಂಟೆ. ನಡುವೆ ಒಂದು ಶೌಚಾಲಯ ಬೇಡ್ವಾ?

ಕಾರ್ಯದರ್ಶಿ: ಗಂಡಸರು ಯಾರೂ ದೂರು ಕೊಟ್ಟಿಲ್ಲ. ಮರ ಎಷ್ಟಿವೆ ನೋಡಿ!

ಸದಸ್ಯೆ: ಮೊನ್ನೆ ಒಬ್ಬರು ಕೇಳದೇ ಬಂದು ನನ್ನ ಸ್ವಿಂಗ್ ತಿದ್ದಿದರು. ಅವರ ಚೆಂಡೇ ಕೆರೇಲಿತ್ತು.

ಕಾರ್ಯದರ್ಶಿ: ಉಚಿತ ಸೇವೆ ಮೇಡಂ! ತಾಳ್ಮೆ ಇರಲಿ. ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬು ಶುರುವಾಗಿದ್ದು 1754ರಲ್ಲಿ, ಹೆಂಗಸರನ್ನು ಸೇರಿಸಿಕೊಳ್ಳೋಣ ಅಂತ ಮತ ಹಾಕಿದ್ದು 2014ರಲ್ಲಿ. ಅಮೆರಿಕದ ಅಗಸ್ಟಾ ಕ್ಲಬ್ಬಿನವರು 2012ರಲ್ಲೇ ಸೇರಿಸಿಕೊಂಡು ದುಡುಕಿದರು.

ಸದಸ್ಯೆ: ನಮ್ಮೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರಲ್ಲ?

ಕಾರ್ಯದರ್ಶಿ: ಒಂದೇ ಹೊಡೆತದಲ್ಲಿ ಪದಕ ತಪ್ಪಿತು! ಇಡೀ ಕ್ಲಬ್ಬು ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು.

ಸದಸ್ಯೆ: ನನಗೆ ಯಾರೂ ಹೇಳಲೇ ಇಲ್ಲ?

ಕಾರ್ಯದರ್ಶಿ: ಟೀವಿ ಇರೋದು ಗಂಡಸರ ಬಾರ್‌ನಲ್ಲಿ ಮೇಡಂ.